ಊರಿನ ವೆಬ್‌ಸೈಟಿಗೆ ಮನೆಯ ಸರ್ವರ್: ಯಾವ ಪೆಟ್ಟಿಗೆ, ಯಾವ ಲೈನು?

ಹಳೇ ಬಾಗಲಕೋಟೆಯ ಫೋಟೋ ಕೂಡಿಸಿ ವೆಬ್‌ಸೈಟಿಗೆ ಹಾಕಲು ಕೂತಾಗ ನಮ್ಮ ಹತ್ತಿರ ಇದ್ದದ್ದು ಒಂದು ಸ್ಕ್ಯಾನರು ಮತ್ತು ನಾಲ್ಕು ಮಂದಿ. ರೊಕ್ಕ ಇರಲಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದವರ ಟ್ರಂಕುಗಳಲ್ಲಿ ಮದುವೆ, ಕುಬಸ, ಜವಳದ ಆಲ್ಬಮ್ಮುಗಳಿದ್ದವು. ಮದುಮಕ್ಕಳ ಹಿಂದೆ ಕಾಣುವ ಗೋಡೆ, ಕಟ್ಟೆ, ಅಂಗಡಿಯ ಬೋರ್ಡು, ಇಷ್ಟೇ ಈಗ ಉಳಿದ ಓಣಿ. ಒಂದೊಂದನ್ನೂ ಚೆನ್ನಾಗಿ ಸ್ಕ್ಯಾನ್ ಮಾಡಿದರೆ ಸುಮಾರು 30 ಎಂಬಿ. ಆರು ಸಾವಿರ ಫೋಟೋ ಆಗುವ ಹೊತ್ತಿಗೆ 180 ಜಿಬಿ. ಸರ್ವರ್ ಅಂದರೆ ಸೈಟಿನ ಕಡತ ಇಟ್ಟುಕೊಂಡು, ಕೇಳಿದವರಿಗೆ ಕಳಿಸುತ್ತ ಸದಾ ನಡೆಯುವ ಕಂಪ್ಯೂಟರ್. ಬಾಡಿಗೆ ಸರ್ವರಿನಲ್ಲಿ ಅಷ್ಟು ಜಾಗದ ದರ ನೋಡಿ ಎಲ್ಲರೂ ಸುಮ್ಮನಾದೆವು. ಹಂಗಾಗಿ ಸರ್ವರ್ ನಮ್ಮ ಮನೆಗೆ ಬಂತು.

ಅಲ್ಲಿಂದ ನಾಲ್ಕು ವರ್ಷದಲ್ಲಿ ಮೂರು ಪೆಟ್ಟಿಗೆ, ಎರಡು ಬಗೆಯ ಇಂಟರ್ನೆಟ್ ಲೈನು ಬದಲಾದವು. ಜಮಖಂಡಿ, ಇಳಕಲ್ಲು, ಗೋಕಾಕದ ಕಡೆಯಿಂದ ಇಂಥದೇ ಕೆಲಸಕ್ಕೆ ಕೈ ಹಾಕಿದ ಗೆಳೆಯರು "ಯಾವುದು ತಗೊಳ್ಳೋಣು?" ಅಂತ ಕೇಳುತ್ತಾರೆ. ಅವರ ತಲೆಯಲ್ಲಿರುವುದು ಪ್ರೊಸೆಸರ್. ನಾನು ಮರಳಿ ಕೇಳುವುದು ಒಂದೇ: ಮಧ್ಯಾಹ್ನ ಎರಡಕ್ಕೆ ಕರೆಂಟ್ ಹೋಗಿ ಸಂಜೆ ಏಳಕ್ಕೆ ಬಂತು, ಮನೆಯವರೆಲ್ಲ ಮದುವೆಗೆ ಹೋಗಿದ್ದೀರಿ, ಆ ಪೆಟ್ಟಿಗೆ ತಾನಾಗಿ ಎದ್ದು ಕೂರುತ್ತದೆಯೇ?

ಮನೆಯಲ್ಲಿ ಇಡಲೇಬೇಕೆ?

ಬಹಳ ಮಂದಿಗೆ ಬೇಕಿಲ್ಲ. ನಿಮ್ಮ ಸೈಟು ಅಂದರೆ ಜಾತ್ರೆಯ ಕಾರ್ಯಕ್ರಮ, ಬಸ್ಸಿನ ವೇಳೆ, ಸಂಘದ ನಾಲ್ಕು ಪುಟ, ಹತ್ತು ಫೋಟೋ ಅಂತಿದ್ದರೆ ಮನೆಯಲ್ಲಿ ಸರ್ವರ್ ಇಡುವುದು ಸುಮ್ಮನೆ ಮೈಮೇಲೆ ಎಳೆದುಕೊಂಡ ಕೆಲಸ. ಗಿಟ್‌ಹಬ್ ಪೇಜಸ್‌ನಲ್ಲಿ 1 ಜಿಬಿ ಒಳಗಿನ ಸೈಟನ್ನು ಬಿಟ್ಟಿ ಇಡಬಹುದು, ತಿಂಗಳಿಗೆ 100 ಜಿಬಿ ಸಾಗಣೆಯವರೆಗೆ ತಕರಾರಿಲ್ಲ. ಕ್ಲೌಡ್‌ಫ್ಲೇರ್ ಪೇಜಸ್‌ನ ಬಿಟ್ಟಿ ಖಾತೆಯಲ್ಲಿ 20,000 ಕಡತ ಇಡಬಹುದು, ಒಂದೊಂದು 25 ಎಂಬಿ ಮೀರಬಾರದು. ಇವೆರಡೂ ನಿಮ್ಮ ಮನೆಯ ಕರೆಂಟಿಗೆ ಕಾಯುವುದಿಲ್ಲ.

ಮನೆಯ ಸರ್ವರಿಗೆ ಅರ್ಥ ಬರುವುದು ಮೂಲ ಕಡತಗಳು ದೊಡ್ಡದಿದ್ದಾಗ, ಅವು ನಮ್ಮ ಕೈಯಲ್ಲೇ ಇರಬೇಕು ಅಂತ ಊರಿನವರು ಹೇಳಿದಾಗ. ನಮಗೆ ಎರಡೂ ಇದ್ದವು. ಆಲ್ಬಮ್ ಕೊಟ್ಟ ಒಬ್ಬ ಅಜ್ಜಿ ಕೇಳಿದ್ದು ಇಷ್ಟೇ: "ನನ್ನ ಫೋಟೋ ಯಾರ ಮನ್ಯಾಗ ಇರ್ತಾವ?" ನಿಮ್ಮ ಓಣಿಯವರದೇ ಮನೆಯಲ್ಲಿ ಅಂದ ಮೇಲೆ ಕೊಟ್ಟರು. ಡೇಟಾ ಸೆಂಟರ್ ಅಂದಿದ್ದರೆ ಕೊಡುತ್ತಿದ್ದರೋ ಇಲ್ಲವೋ.

ಇನ್ನೊಂದು ಮಾತು ಮೊದಲೇ ಆಗಿಬಿಡಲಿ. ಶೇಕಡ 99ರಷ್ಟು ಹೊತ್ತು ಸೈಟು ತೆರೆದಿರಬೇಕು ಅಂದರೆ ತಿಂಗಳಲ್ಲಿ ಏಳು ತಾಸು ಮುಚ್ಚಿರಬಹುದು. 99.9 ಬೇಕು ಅಂದರೆ ಸಿಗುವುದು 43 ನಿಮಿಷ. ಬರೀ ಮನೆಯ ಸರ್ವರಿನಿಂದ ನಮ್ಮ ಕಡೆ ಮೊದಲನೆಯದನ್ನು ಮುಟ್ಟುವುದಕ್ಕೇ ಬೆವರು ಬರುತ್ತದೆ. ಎರಡನೆಯದರ ಆಸೆ ಬಿಡಿ.

ಪೆಟ್ಟಿಗೆಗಳು

ಹಳೇ ಡೆಸ್ಕ್‌ಟಾಪ್ ಬೇಡ. ಸುಮ್ಮನೆ ಕೂತಾಗಲೂ 60 ವಾಟ್ ತಿನ್ನುತ್ತದೆ, ತಿಂಗಳಿಗೆ 43 ಯೂನಿಟ್. ಗೃಹಜ್ಯೋತಿ ಇರುವ ಮನೆಗಳಲ್ಲಿ ಇದರ ಲೆಕ್ಕ ಬೇರೆಯೇ ಇದೆ. ಹಿಂದಿನ ಸರಾಸರಿಗೆ ಶೇಕಡ 10 ಕೂಡಿಸಿ ಬಂದಷ್ಟು ಯೂನಿಟ್ ಮಾತ್ರ ಉಚಿತ. ಸರಾಸರಿ 80 ಇದ್ದ ಮನೆಗೆ 88. ಅಲ್ಲಿ 43 ಹೊಸದಾಗಿ ಸೇರಿದರೆ ಮೇಲಿನದಕ್ಕೆ ರೊಕ್ಕ ಕಟ್ಟಬೇಕು, ಒಟ್ಟು 200 ದಾಟಿದ ತಿಂಗಳು ಪೂರ್ತಿ ಬಿಲ್ಲೇ ಬರುತ್ತದೆ. 10 ವಾಟಿನ ಪೆಟ್ಟಿಗೆಯಾದರೆ ತಿಂಗಳಿಗೆ 7 ಯೂನಿಟ್ಟಿನ ಚಿಲ್ಲರೆ, ಆ ಎಂಟು ಯೂನಿಟ್ಟಿನ ಸಡಿಲಿನಲ್ಲೇ ಮುಗಿಯುತ್ತದೆ. ಬಿಲ್ ಕಟ್ಟುವವರು ನೀವಲ್ಲ, ಅಪ್ಪ ಅಂತಾದರೆ ಈ ಲೆಕ್ಕ ಮೊದಲೇ ಹಾಕಿ ತೋರಿಸಿ.

ಹಳೇ ಲ್ಯಾಪ್‌ಟಾಪಿನಿಂದ ನಾನೂ ಶುರು ಮಾಡಿದ್ದು. ಬಿಟ್ಟಿ ಸಿಕ್ಕಿತ್ತು, ಬ್ಯಾಟರಿ ಒಳಗೇ ಇದೆ, ಪರದೆ ಕೀಲಿಮಣೆ ಬೇರೆ ಬೇಡ. 10ರಿಂದ 20 ವಾಟ್. ಮುಚ್ಚಳ ಮುಚ್ಚಿದರೂ ಮಲಗದಂತೆ ಲಿನಕ್ಸಿನಲ್ಲಿ ಒಂದು ಸಾಲು ಬದಲಿಸಿದರೆ ಆಯಿತು. ಎರಡು ತಾಸಿನ ಕರೆಂಟ್ ಕಡಿತಕ್ಕೆ ಜಗ್ಗಲಿಲ್ಲ, ನನಗೂ ಖುಷಿಯೇ. ತೊಂದರೆ ಇದ್ದದ್ದು ಐದು ತಾಸು ಹೋದಾಗ. ಬ್ಯಾಟರಿ ಪೂರ್ತಿ ಇಳಿದು ಲ್ಯಾಪ್‌ಟಾಪ್ ಸತ್ತಿತು, ಕರೆಂಟ್ ಬಂದರೂ ಏಳಲಿಲ್ಲ. ಹೆಚ್ಚಿನ ಲ್ಯಾಪ್‌ಟಾಪುಗಳಿಗೆ ಚಾರ್ಜರ್ ಬಂದ ಕೂಡಲೇ ತಾನಾಗಿ ಏಳುವ ಗುಣ ಇಲ್ಲ, ಯಾರಾದರೂ ಬಟನ್ ಒತ್ತಬೇಕು. ನಾನು ಧಾರವಾಡದಲ್ಲಿದ್ದೆ. ವಿಜಯಪುರದ ಕಾಕಾ ಫೋನ್ ಮಾಡಿ "ಸೈಟ್ ತೆರೀವಲ್ದಲ್ಲೋ ತಮ್ಮಾ" ಅಂದಾಗಲೇ ಗೊತ್ತಾಗಿದ್ದು, ಅಷ್ಟರಲ್ಲಿ ಒಂದೂವರೆ ದಿನ ಕಳೆದಿತ್ತು. ನಿಮ್ಮ ಲ್ಯಾಪ್‌ಟಾಪಿನ ಬಯೋಸ್‌ನಲ್ಲಿ, ಅಂದರೆ ಆನ್ ಮಾಡುವಾಗಲೇ ಒಳಹೊಕ್ಕು ನೋಡುವ ಸೆಟ್ಟಿಂಗಿನಲ್ಲಿ, 'ವೇಕ್ ಆನ್ ಎಸಿ' ಅನ್ನುವ ಆಯ್ಕೆ ಇದೆಯೇ ಅಂತ ನೋಡಿ. ಇದ್ದರೆ ಲ್ಯಾಪ್‌ಟಾಪು ಒಳ್ಳೆಯ ಸರ್ವರ್. ಇಲ್ಲದಿದ್ದರೆ ಮನೆಯಲ್ಲಿ ಸದಾ ಒಬ್ಬರಿರಬೇಕು.

ಬ್ಯಾಟರಿಯ ಮೇಲೂ ಕಣ್ಣಿರಲಿ. ವರ್ಷಗಟ್ಟಲೆ ನೂರಕ್ಕೆ ನೂರು ಚಾರ್ಜಿನಲ್ಲಿ, ನಮ್ಮ ಏಪ್ರಿಲ್ ಮೇ ತಿಂಗಳ 40 ಡಿಗ್ರಿಯಲ್ಲಿ ಕೂತ ಲಿಥಿಯಂ ಬ್ಯಾಟರಿ ಊದಿಕೊಳ್ಳುತ್ತದೆ. ಚಾರ್ಜನ್ನು 60ಕ್ಕೆ ನಿಲ್ಲಿಸುವ ಸೌಲಭ್ಯ ಹಲವು ಲ್ಯಾಪ್‌ಟಾಪುಗಳಲ್ಲಿದೆ, ಬಳಸಿ. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ ಅದೇ ದಿನ ಬ್ಯಾಟರಿ ತೆಗೆಸಿ, ನಾಳೆ ನಾಡದು ಅನ್ನಬೇಡಿ.

ಎರಡನೆಯದು ರಾಸ್ಪ್‌ಬೆರಿ ಪೈ 4. ಅಂಗೈಯಷ್ಟು ಬೋರ್ಡು, ನಾಲ್ಕೈದು ವಾಟ್, ಕರೆಂಟ್ ಬಂದ ಕೂಡಲೇ ತಾನೇ ಏಳುತ್ತದೆ. ನಮ್ಮ ಪ್ರಶ್ನೆಗೆ ಇದರಷ್ಟು ಸಲೀಸಾಗಿ ಉತ್ತರ ಕೊಡುವ ಪೆಟ್ಟಿಗೆ ಬೇರೆ ಇಲ್ಲ. ಆದರೂ ನಾನು ಅದನ್ನು ಬಿಟ್ಟೆ. ಮೊದಲ ಕಾರಣ ಮೆಮೊರಿ ಕಾರ್ಡು. ಬರೆಯುತ್ತಿದ್ದಾಗ ಕರೆಂಟ್ ಹೋದರೆ ಕಾರ್ಡು ಕೆಡುತ್ತದೆ. ಸರ್ವರ್ ಅಂದರೆ ದಿನವಿಡೀ ಏನಾದರೂ ಬರೆಯುತ್ತಲೇ ಇರುತ್ತದೆ. ಎಂಟು ತಿಂಗಳಲ್ಲಿ ಎರಡು ಕಾರ್ಡು ಹೋದವು. ಯುಎಸ್‌ಬಿ ಮೂಲಕ ಎಸ್‌ಎಸ್‌ಡಿ ಎಂಬ ಗಟ್ಟಿ ಡಿಸ್ಕು ಹಚ್ಚಿದ ಮೇಲೆ ಆ ಕಾಟ ತಪ್ಪಿತು. ಆಮೇಲೆ ಅಡಾಪ್ಟರಿನ ಜಗಳ. ಪೈ 4ಕ್ಕೆ 5 ವೋಲ್ಟಿನಲ್ಲಿ 3 ಆಂಪಿಯರ್ ಬೇಕು, 2023ರಲ್ಲಿ ಬಂದ ಪೈ 5ಕ್ಕೆ 5 ಆಂಪಿಯರ್. ಪೈ 5ಕ್ಕೆ 3 ಆಂಪಿಯರಿನದನ್ನೇ ಹಚ್ಚಿದರೆ ನಡೆಯುತ್ತದೆ, ಆದರೆ ಯುಎಸ್‌ಬಿ ಕಿಂಡಿಗಳಿಗೆಲ್ಲ ಸೇರಿ 600 ಮಿಲಿ ಆಂಪಿಯರ್ ಮಾತ್ರ ಬಿಡುತ್ತದೆ. ಎಸ್‌ಎಸ್‌ಡಿ ಆಗಾಗ ಮಾಯವಾದರೆ ಡಿಸ್ಕನ್ನು ಬೈಯುವ ಮೊದಲು ಅಡಾಪ್ಟರ್ ನೋಡಿ. ಮೊಬೈಲ್ ಚಾರ್ಜರ್ ಹಚ್ಚಿ ದಿನ ದೂಡುವವರೇ ಹೆಚ್ಚು.

ಪೈ 4ರ ಇನ್ನೊಂದು ಮೋಜು ಕೇಳಿ. ಅದರಲ್ಲಿ ಗಡಿಯಾರದ ಬ್ಯಾಟರಿ ಇಲ್ಲ. ಕರೆಂಟ್ ಬಂದು ಎದ್ದಾಗ ಹಳೇ ಹೊತ್ತನ್ನೇ ಈಗಿನದು ಅಂದುಕೊಂಡು ಕೂರುತ್ತದೆ. ಇಂಟರ್ನೆಟ್ಟಿನಿಂದ ಸರಿ ವೇಳೆ ಸಿಗುವವರೆಗೆ ಸುರಕ್ಷತೆಯ ಪ್ರಮಾಣಪತ್ರಗಳ ತಾರೀಖು ತಾಳೆಯಾಗದೆ ಹೊರಗಿನ ಸಂಪರ್ಕಗಳು ತಪ್ಪಬಹುದು. ರೌಟರ್ ಏಳಲು ತಡವಾದ ದಿನ ಇದು ಕಾಡುತ್ತದೆ.

ಈಗ ಇರುವುದು ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ. ಕಂಪನಿಗಳು ಸಾವಿರಗಟ್ಟಲೆ ಕೊಂಡು, ಮೂರು ನಾಲ್ಕು ವರ್ಷಕ್ಕೆ ಮಾರಿಬಿಡುವ ಚಿಕ್ಕ ಪೆಟ್ಟಿಗೆಗಳಿವು. ಡೆಲ್‌ನ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊದ ಥಿಂಕ್‌ಸೆಂಟರ್ ಟೈನಿ, ಎಚ್‌ಪಿಯ ಎಲೈಟ್‌ಡೆಸ್ಕ್ ಮಿನಿ. ನಾನು ಕೊಂಡದ್ದು 8 ಜಿಬಿ ರ‍್ಯಾಮು, 256 ಜಿಬಿ ಎಸ್‌ಎಸ್‌ಡಿ ಸೇರಿ 11,000 ರೂಪಾಯಿಗೆ. ಸುಮ್ಮನಿದ್ದಾಗ 10 ವಾಟಿನ ಆಸುಪಾಸು. ಎರಡನೇ ಡಿಸ್ಕಿಗೆ ಒಳಗೇ ಜಾಗ ಇದೆ. ಬಯೋಸ್‌ನಲ್ಲಿ 'ಎಸಿ ಪವರ್ ರಿಕವರಿ' ಅನ್ನುವುದನ್ನು 'ಪವರ್ ಆನ್' ಮಾಡಿಟ್ಟರೆ ಕರೆಂಟ್ ಬಂದ ಕೂಡಲೇ ಏಳುತ್ತದೆ. ಕೊಂಡ ದಿನ ಮೊದಲು ಮಾಡಬೇಕಾದ ಕೆಲಸ ಇದು. ಮಾಡಿ, ಪ್ಲಗ್ ಕಿತ್ತು, ಮತ್ತೆ ಹಚ್ಚಿ ಕಣ್ಣಾರೆ ನೋಡಿ. ಕೆಟ್ಟರೆ ಬಿಡಿಭಾಗ ಸಿಗುತ್ತದೆ, ಊರಿನ ಕಂಪ್ಯೂಟರ್ ರಿಪೇರಿ ಅಂಗಡಿಯವನಿಗೂ ಒಳಗಿನದು ಅರ್ಥವಾಗುತ್ತದೆ. ಪೈ ಒಯ್ದು ಕೊಟ್ಟಾಗ ಅವನು "ಇದರ ಉಳಿದದ್ದು ಎಲ್ಲೈತ್ರಿ?" ಅಂತ ಕೇಳಿದ್ದ.

ಹೊಸದೇ ಬೇಕು ಅನ್ನುವವರಿಗೆ ಇಂಟೆಲ್ ಎನ್100 ಚಿಪ್ಪಿನ ಪೆಟ್ಟಿಗೆಗಳಿವೆ. ಇನ್ನೂ ಕಡಿಮೆ ವಾಟು, ಕೆಲವಕ್ಕೆ 12 ವೋಲ್ಟಿನ ಅಡಾಪ್ಟರ್. ಆ 12 ವೋಲ್ಟಿನ ಮಹತ್ವ ಈಗ ಬರುತ್ತದೆ.

ಕರೆಂಟು

ನಮ್ಮ ಜಿಲ್ಲೆಗಳಲ್ಲಿ ಸೈಟು ನಿಲ್ಲುವುದು ಸರ್ವರ್ ಕೆಟ್ಟು ಅಲ್ಲ. ಹತ್ತರಲ್ಲಿ ಎಂಟು ಸಲ ಕರೆಂಟು, ಒಂದು ಸಲ ಲೈನು, ಇನ್ನೊಂದು ಸಲ ಮನೆಯವರು. ಮೊದಲ ವಾರದಲ್ಲೇ ಅವ್ವ ಮಿಕ್ಸರ್ ಹಚ್ಚಲು ಸರ್ವರಿನ ಪ್ಲಗ್ ಕಿತ್ತಿದ್ದಳು. ತಪ್ಪು ಅವಳದಲ್ಲ, ಅಡುಗೆಮನೆಯ ಅಟ್ಟದ ಮೇಲೆ ಇಟ್ಟವನದು. ಜೋಳದ ಹಿಟ್ಟಿನ ಧೂಳು ಫ್ಯಾನಿನಲ್ಲಿ ಕೂತದ್ದೂ ಅಲ್ಲೇ. ಈಗ ನಡುಮನೆಯಲ್ಲಿ ಟಿವಿ ಹಿಂದೆ ಇದೆ, ಪ್ಲಗ್ಗಿಗೆ "ತೆಗೀಬ್ಯಾಡ್ರಿ" ಅಂತ ಚೀಟಿ ಇದೆ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದೇ ಎಲ್ಲಕ್ಕಿಂತ ಸೋವಿ ದಾರಿ. 150 ಆಂಪಿಯರ್ ಅವರಿನ ಟ್ಯೂಬುಲರ್ ಬ್ಯಾಟರಿಗೆ ರೌಟರ್, ಸರ್ವರ್ ಸೇರಿ 20 ವಾಟ್ ಲೆಕ್ಕಕ್ಕೇ ಇಲ್ಲ, ಫ್ಯಾನುಗಳೇ ಅದನ್ನು ತಿನ್ನುವುದು. ಆದರೆ ಇನ್ವರ್ಟರಿನ ಹಿಂದೆಯೋ ಬದಿಗೋ ಒಂದು ಚಿಕ್ಕ ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ. ನಾರ್ಮಲ್‌ನಲ್ಲಿದ್ದರೆ ಬದಲಾಗುವ ಆ ಕ್ಷಣಕ್ಕೆ ಟ್ಯೂಬ್‌ಲೈಟ್ ಮಿಣುಕುತ್ತದೆ, ಕಂಪ್ಯೂಟರ್ ಮಾತ್ರ ಬಂದ್ ಆಗಿ ಮತ್ತೆ ಏಳುತ್ತದೆ. ಯುಪಿಎಸ್ ಕಡೆ ತಿರುಗಿಸಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಆರು ತಿಂಗಳು ನಾನು ಈ ಸ್ವಿಚ್ ನೋಡಿರಲಿಲ್ಲ.

ಇನ್ವರ್ಟರ್ ಇಲ್ಲದ ಮನೆಗೆ ರೌಟರ್ ಯುಪಿಎಸ್ ಅಂತ ಸಿಗುವ 12 ವೋಲ್ಟಿನ ಡಬ್ಬಿ. ಸಾವಿರದಿಂದ ಎರಡು ಸಾವಿರದೊಳಗೆ. ಮೇಲೆ 8,800 ಎಂಎಎಚ್ ಅಂತ ಬರೆದಿರುತ್ತದೆ. ಆ ಸಂಖ್ಯೆ ಒಳಗಿನ 3.7 ವೋಲ್ಟಿನ ಸೆಲ್ಲುಗಳದ್ದು, ಗುಣಿಸಿದರೆ ಬರುವುದು 32 ವಾಟ್ ಅವರ್, 12 ವೋಲ್ಟಿಗೆ ಏರಿಸುವಾಗ ಅದರಲ್ಲೂ ಒಂದಿಷ್ಟು ಹೋಗುತ್ತದೆ. 10 ವಾಟಿನ ರೌಟರಿಗೆ ಮೂರು ತಾಸಿನ ಒಳಗೆ ಮುಗಿಯುತ್ತದೆ. ಡೆಲ್, ಲೆನೊವೊ ಮಿನಿಗಳಿಗೆ ಬೇಕಾದದ್ದು 19-20 ವೋಲ್ಟ್, ಹೀಗಾಗಿ ಈ ಡಬ್ಬಿ ಅವಕ್ಕೆ ಆಗದು. 12 ವೋಲ್ಟಿನ ಎನ್100 ಪೆಟ್ಟಿಗೆಗೆ ಆಗಬಹುದು, ಅದರ ಅಡಾಪ್ಟರಿನ ಮೇಲೆ ಬರೆದ ಆಂಪಿಯರನ್ನು ಡಬ್ಬಿ ಕೊಡುತ್ತದೆಯೇ ನೋಡಿಕೊಳ್ಳಿ. ಫೈಬರಿನ ಪೆಟ್ಟಿಗೆ ಬೇರೆ, ವೈಫೈ ರೌಟರ್ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು. ಒಂದನ್ನು ಮರೆತು, ವೈಫೈ ಗುರುತು ತುಂಬಿದ್ದರೂ ಇಂಟರ್ನೆಟ್ ಇಲ್ಲ ಅಂತ ತಲೆ ಕೆರೆದುಕೊಳ್ಳುವವರನ್ನು ಕಂಡಿದ್ದೇನೆ. ಮತ್ತೆ, ನಿಮಗೆ ಲೈನು ಕೊಡುವವರ ಬೀದಿಯ ಪೆಟ್ಟಿಗೆಗೆ ಬ್ಯಾಟರಿ ಇಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ದಂಡ. ಹೊಸ ಲೈನು ಹಾಕಿಸುವ ಮೊದಲು ಲೈನ್‌ಮನ್‌ನನ್ನು ಕೇಳಬೇಕಾದದ್ದು ವೇಗವಲ್ಲ, ಇದು.

ಲೈನು

ಮನೆಯ ಇಂಟರ್ನೆಟ್ಟಿಗೆ ಹೊರಗಿನಿಂದ ಬಾಗಿಲು ಬಡಿಯಲು ಬರುತ್ತದೆಯೇ? ರೌಟರಿನ ಸೆಟ್ಟಿಂಗ್ ಪುಟದಲ್ಲಿ ವ್ಯಾನ್ ಐಪಿ ಅಂತ, ಅಂದರೆ ಲೈನಿನ ಕಡೆಯ ಇಂಟರ್ನೆಟ್ ವಿಳಾಸ ಅಂತ, ಇರುವುದನ್ನು ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಒಳಗಿದ್ದೀರಿ, ಅಂದರೆ ನೂರಾರು ಮನೆಗಳಿಗೆ ಒಂದೇ ಹೊರ ವಿಳಾಸ. ದೊಡ್ಡ ವಾಡೆಯ ಒಳಗಿನ ಒಂದು ಕೋಣೆಯಂತೆ: ನೀವು ಹೊರಗೆ ಹೋಗಬಹುದು, ಬಂದವರಿಗೆ ನಿಮ್ಮ ಬಾಗಿಲು ಯಾವುದು ಅಂತ ಗೊತ್ತಾಗದು. ರೌಟರಿನಲ್ಲಿ ಪೋರ್ಟ್, ಅಂದರೆ ಹೊರಗಿನವರು ಒಳಬರುವ ಕಿಂಡಿ, ಎಷ್ಟು ತೆರೆದರೂ ಉಪಯೋಗವಿಲ್ಲ. ನಾನು ಎರಡು ಭಾನುವಾರ ಅದೇ ಮಾಡಿದೆ.

ದಾರಿ ಮೂರು. ಸ್ಟ್ಯಾಟಿಕ್ ಐಪಿ, ಅಂದರೆ ನಿಮ್ಮ ಮನೆಗೇ ಬದಲಾಗದ ಒಂದು ವಿಳಾಸ, ಕೊಳ್ಳುವುದು, ಕೊಡುವವರು ಕೊಡುತ್ತಾರೆ, ವರ್ಷದ ದರ ತುಟ್ಟಿ. ಅದೂ ಅಲ್ಲದೆ ಮನೆಯ ವಿಳಾಸ ಬಯಲಿಗೆ ಬಿದ್ದಂತೆ. ಗಂಟೆಯೊಳಗೆ ಎಲ್ಲೆಲ್ಲಿಂದಲೋ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಬಂದು ಬಡಿಯುತ್ತವೆ. ನನಗೆ ಇದು ಬೇಡ ಅನ್ನಿಸಿತು.

ಎರಡನೆಯದು ಕ್ಲೌಡ್‌ಫ್ಲೇರ್ ಟನಲ್. ಸರ್ವರೇ ಒಳಗಿನಿಂದ ಹೊರಗೆ ಒಂದು ಸಂಪರ್ಕ ಹಿಡಿದುಕೊಂಡು ಕೂರುತ್ತದೆ, ಓದುಗರು ಅದರ ಮೂಲಕ ಬರುತ್ತಾರೆ. ಸಿಜಿನ್ಯಾಟ್ ಇದ್ದರೂ ಸೈ, ಪೋರ್ಟ್ ತೆರೆಯುವ ಗೊಡವೆ ಇಲ್ಲ, ಬಿಟ್ಟಿ. ಸ್ವಂತ ಡೊಮೇನ್, ಅಂದರೆ ಸೈಟಿನ ಹೆಸರು, ಇರಬೇಕು ಅಷ್ಟೇ. ಶುರು ಮಾಡುವ ಯಾರಿಗೇ ಆಗಲಿ ನಾನು ಹೇಳುವುದು ಇದನ್ನೇ. ಕೊರತೆ ಎರಡಿವೆ. ಓದುಗರಿಂದ ಬೀಗ ಹಾಕಿ ಬರುವ ಮಾಹಿತಿಯ ಬೀಗ ತೆರೆಯುವುದು ಅವರ ಯಂತ್ರದಲ್ಲಾದ್ದರಿಂದ ಸಾಗುವ ಮಾಹಿತಿ ಅವರಿಗೆ ಕಾಣುತ್ತದೆ. ಮತ್ತೆ, ಬಿಟ್ಟಿ ಖಾತೆಯಲ್ಲಿ ಒಂದೇ ಸಲಕ್ಕೆ 100 ಎಂಬಿ ಮೀರಿದ್ದನ್ನು ಏರಿಸಲು ಬಿಡುವುದಿಲ್ಲ. ವಿಡಿಯೋ ಇದ್ದರೆ ಯೂಟ್ಯೂಬಿಗೆ ಹಾಕಿ ಕೊಂಡಿ ಕೊಡಿ.

ಮೂರನೆಯದಕ್ಕೆ ನಾವು ಬಂದು ನಿಂತಿದ್ದೇವೆ: ಹೊರಗೆ ತೀರ ಚಿಕ್ಕದೊಂದು ಬಾಡಿಗೆ ಸರ್ವರು, ಅದಕ್ಕೂ ಮನೆಯ ಪೆಟ್ಟಿಗೆಗೂ ನಡುವೆ ವೈರ್‌ಗಾರ್ಡ್ ಎಂಬ ತಂತ್ರಾಂಶದ ಗುಪ್ತ ಸುರಂಗ. ತಿಂಗಳಿಗೆ 450 ರೂಪಾಯಿ, ಒಂಬತ್ತು ಮನೆಯವರು ತಲಾ 50 ಹಾಕುತ್ತಾರೆ. ಮನೆಯ ಸರ್ವರ್ ಇದ್ದೂ ಬಾಡಿಗೆ ಯಾಕೆ ಅಂತೀರಾ? ಓದುವವರಿಗೆ ಬೇಕಾದ ಚಿಕ್ಕ ಫೋಟೋ ಒಂದಕ್ಕೆ 150 ಕೆಬಿ, ಆರು ಸಾವಿರಕ್ಕೆ 900 ಎಂಬಿ. ಅವು, ಪುಟಗಳು ಎಲ್ಲ ರಾತ್ರಿ ಹೊರಗಿನ ಸರ್ವರಿಗೆ ನಕಲಾಗುತ್ತವೆ. ಮೂಲ ಸ್ಕ್ಯಾನು, ಹೊಸ ಫೋಟೋ ಸೇರಿಸುವುದು, ಹುಡುಕಾಟ ಮಾತ್ರ ಮನೆಯಲ್ಲಿ. ಮನೆಯಲ್ಲಿ ಕರೆಂಟ್ ಹೋದರೂ ಪುಣೆಯಲ್ಲಿ ಕೂತವರು ತಮ್ಮ ಹಳೇ ಓಣಿ ನೋಡುತ್ತಿರುತ್ತಾರೆ. ಬಿಟ್ಟಿ ಜಾಗಗಳಲ್ಲೇ ಇಡಬಹುದಿತ್ತು, ಆದರೆ ಗಿಟ್‌ಹಬ್‌ನ 1 ಜಿಬಿಯ ಅಂಚಿಗೆ ಬಂದಿದ್ದೆವು. ಫೋಟೋ, ಅದರ ಹೆಬ್ಬೆರಳಿನಷ್ಟು ಚಿಕ್ಕ ಪ್ರತಿ, ಅದರ ಪುಟ ಅಂತ ಒಂದಕ್ಕೆ ಮೂರು ಕಡತ ಹಿಡಿದರೆ 18,000, ಕ್ಲೌಡ್‌ಫ್ಲೇರ್‌ನ ಮಿತಿ 20,000. ಇನ್ನೊಂದು ಸಾವಿರ ಫೋಟೋ ಬಂದರೆ ಎರಡೂ ಕಡೆ ಗೋಡೆ.

ಹೋಳಿಯ ದಿನ

"ಮಂದಿ ಒಮ್ಮೆಲೇ ಬಂದರೆ ತಡೀತದೇನ್ರಿ?" ಎಂಬುದು ಎಲ್ಲರ ಅಂಜಿಕೆ. ನಮಗೆ ಆ ದಿನ ಹೋಳಿ. ಹಲಗಿ ಬಡಿಯುವ ಸದ್ದು ಮೊಬೈಲಿನಲ್ಲಿ ಕೇಳಿದರೆ ಸಾಕು, ಊರು ಬಿಟ್ಟವರೆಲ್ಲ ಹಳೇ ಬಣ್ಣದ ಬಂಡಿಯ ಫೋಟೋ ಹುಡುಕುತ್ತಾರೆ. ಒಂದು ತಾಸಿಗೆ 300 ಮಂದಿ, ತಲಾ 20 ಫೋಟೋ ಅನ್ನಿ. 900 ಎಂಬಿ ಆಯಿತು. ಸರಾಸರಿ 2 ಎಂಬಿಪಿಎಸ್. 30 ಎಂಬಿಪಿಎಸ್ ವೇಗದಲ್ಲಿ ಹೊರಗೆ ಕಳಿಸುವ ಸಾದಾ ಫೈಬರ್ ಲೈನಿಗೆ ಇದು ಏನೇನೂ ಅಲ್ಲ, ಪೈಗೂ ಅಲ್ಲ. ಮುಗ್ಗರಿಸುವುದು ಬೇರೆ ಕಡೆ: ಯಾರೋ 30 ಎಂಬಿಯ ಮೂಲ ಕಡತದ ಕೊಂಡಿಯನ್ನೇ ವಾಟ್ಸಾಪ್ ಗುಂಪಿಗೆ ಹಾಕಿದರೆ, 20 ಮಂದಿ ಒಮ್ಮೆಗೇ ಒತ್ತಿದರೆ, ಎರಡೂವರೆ ನಿಮಿಷ ಲೈನು ಪೂರ್ತಿ ತುಂಬಿರುತ್ತದೆ. ಮೂಲವನ್ನು ಕೇಳಿದವರಿಗೆ ಮಾತ್ರ ಕೊಡುವಂತೆ ಮಾಡಿ.

ಪುಟಗಳನ್ನು ಮೊದಲೇ ತಯಾರಿಸಿಡುವ ಹ್ಯೂಗೋದಂಥ ಸಾಧನವೋ, ಬ್ರೌಸರಿನಲ್ಲೇ ಬರೆದು ಸೇರಿಸುವ ವರ್ಡ್‌ಪ್ರೆಸ್ಸೋ? ಬರೆಯುವವರು ಒಬ್ಬಿಬ್ಬರೇ ಆದರೆ ಹ್ಯೂಗೋ. ಹತ್ತು ಮಂದಿ ಫೋನಿನಿಂದಲೇ ಸೇರಿಸಬೇಕು ಅಂದರೆ ವರ್ಡ್‌ಪ್ರೆಸ್, ಆದರೆ ವಾರಕ್ಕೊಮ್ಮೆ ಅಪ್‌ಡೇಟ್ ಮಾಡಲು ಸೋಮಾರಿತನ ಮಾಡದ ಒಬ್ಬರು ಬೇಕು. ಹಿರಿಯರು ಹಳೇ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಕೊಟ್ಟ ಟಿಪ್ಪಣಿಗಳನ್ನು ಯುನಿಕೋಡಿಗೆ ಬದಲಿಸಿಯೇ ಹಾಕಿ. ಇಲ್ಲದಿದ್ದರೆ ಓದುಗರಿಗೆ ಚಿತ್ರವಿಚಿತ್ರ ಗುರುತು ಕಾಣುತ್ತವೆ, ಹುಡುಕಾಟಕ್ಕೂ ಸಿಗುವುದಿಲ್ಲ.

ಎರಡನೇ ಪ್ರತಿ

ಸೈಟು ಒಂದು ದಿನ ತೆರೆಯದಿದ್ದರೆ ಯಾರೂ ಸಾಯುವುದಿಲ್ಲ. ಮೂಲ ಹೋದರೆ ಓಣಿ ಎರಡನೇ ಸಲ ಮುಳುಗಿದಂತೆ. 180 ಜಿಬಿಯನ್ನು 30 ಎಂಬಿಪಿಎಸ್ ಲೈನಿನಲ್ಲಿ ಕಳಿಸಲು 13 ತಾಸು ಬೇಕು, ಅದಕ್ಕೆ ಮೊದಲ ಪ್ರತಿಯನ್ನು ಡಿಸ್ಕಿಗೆ ಹಾಕಿ ಚೀಲದಲ್ಲಿ ವಿಜಯಪುರದ ಕಾಕಾನ ಮನೆಗೆ ಒಯ್ದೆ. ಹೊಸದು ಮಾತ್ರ ರಾತ್ರಿ ಹೋಗುತ್ತದೆ. ಮನೆಯಲ್ಲೇ ಇರುವ ಇನ್ನೊಂದು ಯುಎಸ್‌ಬಿ ಡಿಸ್ಕಿನ ಕಥೆ ಹೇಳಲೇಬೇಕು. ಒಮ್ಮೆ ಕರೆಂಟ್ ಹೋಗಿ ಬಂದ ಮೇಲೆ ಆ ಡಿಸ್ಕು ಮೌಂಟ್ ಆಗಲಿಲ್ಲ, ಅಂದರೆ ಸರ್ವರಿಗೆ ಅದು ಕಾಣಲಿಲ್ಲ. ಅದರ ಹೆಸರಿನ ಖಾಲಿ ಫೋಲ್ಡರು ಹಾಗೇ ಇತ್ತಲ್ಲ, ಬ್ಯಾಕಪ್ಪು ಅದರೊಳಗೇ, ಅಂದರೆ ಸರ್ವರಿನ ಸ್ವಂತ ಡಿಸ್ಕಿಗೇ, ನಾಲ್ಕು ತಿಂಗಳು ನಿಷ್ಠೆಯಿಂದ ನಡೆಯಿತು. ಡಿಸ್ಕಿನಲ್ಲಿ ಒಂದು ಗುರುತಿನ ಕಡತ ಇಟ್ಟು, ಅದು ಕಾಣದಿದ್ದರೆ ಬ್ಯಾಕಪ್ಪೇ ಶುರುವಾಗದಂತೆ ಈಗ ಬರೆದಿದ್ದೇನೆ. ತಿಂಗಳಿಗೊಮ್ಮೆ ಕಣ್ಣು ಮುಚ್ಚಿ ಹತ್ತು ಫೋಟೋ ಆರಿಸಿ, ಕಾಕಾನ ಮನೆಯ ಪ್ರತಿಯಿಂದ ತೆರೆದು ನೋಡುತ್ತೇನೆ.

ಹಾಗಾದರೆ ಕೊಳ್ಳುವುದೇನು? ಮನೆಯಲ್ಲಿ ಇನ್ವರ್ಟರ್ ಇದೆ, ಫೋಟೋ ಬಹಳ ಇವೆ ಅಂದರೆ ಸೆಕೆಂಡ್ ಹ್ಯಾಂಡ್ ಮಿನಿ, ಟನಲ್‌ನಿಂದ ಶುರು. ಇನ್ವರ್ಟರ್ ಇಲ್ಲ, ಬರಹವೇ ಹೆಚ್ಚು ಅಂದರೆ ಎಸ್‌ಎಸ್‌ಡಿ ಹಚ್ಚಿದ ಪೈ ಇಲ್ಲವೇ 12 ವೋಲ್ಟಿನ ಎನ್100, ಜೊತೆಗೆ ರೌಟರ್ ಯುಪಿಎಸ್. ಕೈಯಲ್ಲಿ ರೊಕ್ಕವೇ ಇಲ್ಲ, ಮನೆಯಲ್ಲಿ ಅಜ್ಜನೋ ಅಜ್ಜಿಯೋ ಸದಾ ಇರುತ್ತಾರೆ ಅಂದರೆ ಹಳೇ ಲ್ಯಾಪ್‌ಟಾಪೇ ಸಾಕು, ಬಟನ್ ಯಾವುದು ಅಂತ ತೋರಿಸಿಕೊಡಿ.

ಡೊಮೇನ್ ಯಾರ ಹೆಸರಿನಲ್ಲಿದೆ ಅಂತಲೂ ಈಗಲೇ ನೋಡಿ. ನಮ್ಮದು ಒಬ್ಬ ಹುಡುಗನ ಕಾಲೇಜು ಇಮೇಲಿನಲ್ಲಿತ್ತು. ಅವನು ಬೆಂಗಳೂರಿಗೆ ಹೋದ, ಆ ಇಮೇಲ್ ಬಂದ್ ಆಯಿತು, ನವೀಕರಣದ ನೆನಪೋಲೆಗಳೆಲ್ಲ ಅಲ್ಲಿಗೇ ಹೋಗಿ ಬಿದ್ದವು. ಸೈಟು ನಿಂತ ಮೂರನೇ ದಿನ ಅವನ ಮನೆ ಹುಡುಕಿಕೊಂಡು ಹೋಗಿದ್ದೆ. ಈಗ ಖಾತೆಗೆ ಇಬ್ಬರ ಇಮೇಲ್ ಇದೆ. ಪಾಸ್‌ವರ್ಡ್ ಬರೆದ ಹಾಳೆಯ ಒಂದು ಪ್ರತಿ ಕಾಕಾನ ಹತ್ತಿರ, ಇನ್ನೊಂದು ಅವ್ವನ ಟ್ರಂಕಿನಲ್ಲಿ ರೇಷನ್ ಕಾರ್ಡಿನ ಕೆಳಗೆ.